ಪಾರ್ಕಿನ ಹೆಸರಿನ ಹಿಂದಿರೋ ತೆನ್ನೇಟಿ ಯಾರು?

ವಿಜಯವಾಡದಿಂದ ಬೆಳಿಗ್ಗೆ ರತ್ನಾಚಲ್ ಹಿಡಿದು ಬಂದವರಿಗೆ ನಿದ್ದೆ ಬಂದ್ರೆ ಬೈಯಲ್ಲ.

ಋಷಿಕೊಂಡ ಕಡೆ ಆಫೀಸ್ ಇರೋರು ದಿನಾ ತೆನ್ನೇಟಿ ಪಾರ್ಕ್ ದಾಟ್ಕೊಂಡೇ ಹೋಗ್ತೀರಿ. 2020ರಲ್ಲಿ ಬಾಂಗ್ಲಾದೇಶದ ಹಡಗೊಂದು ದಡಕ್ಕೆ ಬಂದು ಸಿಕ್ಕಿಕೊಂಡಿತ್ತಲ್ಲ, ಅದೇ ಜಾಗ. ನಾನು ಮೂರು ವರ್ಷ ಹಂಗೇ ದಾಟಿದೆ. ತೆನ್ನೇಟಿ ಅಂದ್ರೆ ಯಾವುದೋ ಊರು ಅಂದ್ಕೊಂಡಿದ್ದೆ. ಒಂದಿನ ನಮ್ಮ ಮನೆ ಓನರ್ ಅಂಕಲ್ ಹತ್ರ ಹಂಗಂದೆ. ಸ್ಟೀಲ್ ಪ್ಲಾಂಟಿನಲ್ಲಿ ದುಡಿದು ರಿಟೈರ್ ಆದವರು. ಕಾಫಿ ಲೋಟ ಕೆಳಗಿಟ್ಟು, "ಬಾಬು, ನನಗೆ ಅನ್ನ ಹಾಕಿದ್ದೇ ಆ ಮನುಷ್ಯ" ಅಂದ್ರು.

ತೆನ್ನೇಟಿ ವಿಶ್ವನಾಥಂ ಹುಟ್ಟಿದ್ದು 1895ರಲ್ಲಿ. ವಕೀಲರು, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡವರು. ಟಂಗುಟೂರಿ ಪ್ರಕಾಶಂ ಅವರ ಬಲಗೈ. ಪ್ರಕಾಶಂ ಅಂದ್ರೆ ವಿಜಯವಾಡದವರಿಗೆ ಬ್ಯಾರೇಜ್. ನಮ್ಮ ಆಲಮಟ್ಟಿ, ನಾರಾಯಣಪುರ ದಾಟಿ ಬಂದ ಕೃಷ್ಣೆ ಅಲ್ಲಿ ನಿಲ್ತಾಳೆ. ಸ್ವಾತಂತ್ರ್ಯ ಬಂದಮೇಲೆ ಇಬ್ಬರೂ ಕಾಂಗ್ರೆಸ್ ಬಿಟ್ಟು ಕಿಸಾನ್ ಮಜ್ದೂರ್ ಪ್ರಜಾ ಪಕ್ಷದ ದಾರಿ ಹಿಡಿದರು. ಅದು ಮುಂದೆ ಸೋಷಲಿಸ್ಟರ ಜೊತೆ ಸೇರಿ ಪ್ರಜಾ ಸೋಷಲಿಸ್ಟ್ ಪಕ್ಷ ಆಯ್ತು. 1953ರಲ್ಲಿ ಆಂಧ್ರ ರಾಜ್ಯ ಹುಟ್ಟಿ ಪ್ರಕಾಶಂ ಮುಖ್ಯಮಂತ್ರಿಯಾದಾಗ ವಿಶ್ವನಾಥಂ ಮಂತ್ರಿ. ಮರುವರ್ಷವೇ, ಪಾನನಿಷೇಧದ ಗಲಾಟೆಯಲ್ಲಿ, ಆ ಸರ್ಕಾರ ಬಿತ್ತು. ಅಷ್ಟೇ ಅಧಿಕಾರ. ಮುಖ್ಯಮಂತ್ರಿ ಆಗಲಿಲ್ಲ, ದೊಡ್ಡ ಪಕ್ಷ ಕಟ್ಟಲಿಲ್ಲ. ಇವತ್ತಿನ ಎಚ್‌ಆರ್ ಆ ರೆಸ್ಯೂಮೆ ನೋಡಿದ್ರೆ ಪಕ್ಕಕ್ಕಿಡ್ತಿದ್ರು.

ಆದ್ರೆ ಅಸಲು ಕೆಲಸ ಶುರುವಾಗಿದ್ದು 71ನೇ ವಯಸ್ಸಿಗೆ.

1966ರಲ್ಲಿ ವಿಶಾಖಪಟ್ಟಣಕ್ಕೆ ಉಕ್ಕಿನ ಕಾರ್ಖಾನೆ ಬೇಕು ಅಂತ ಚಳವಳಿ ಎದ್ದಿತು. ಘೋಷಣೆ: "ವಿಶಾಖ ಉಕ್ಕು, ಆಂಧ್ರುಲ ಹಕ್ಕು." ಅನುವಾದ ಮಾಡಬೇಕಾ? ಉಕ್ಕು ನಮ್ಮದೇ ಮಾತು, ಹಕ್ಕೂ ನಮ್ಮದೇ. ಅಕ್ಟೋಬರ್‌ನಲ್ಲಿ ಅಮೃತರಾವು ಅನ್ನೋರು ಇಲ್ಲಿ ಉಪವಾಸ ಕೂತರು. ಸರ್ವಪಕ್ಷ ಕ್ರಿಯಾ ಸಮಿತಿಯ ಮುಂದಾಳು ವಿಶ್ವನಾಥಂ. ಕಮ್ಯುನಿಸ್ಟರು, ವಿದ್ಯಾರ್ಥಿಗಳು, ಒಬ್ಬರನ್ನೊಬ್ಬರು ನೋಡಿದ್ರೆ ಆಗದವರೆಲ್ಲ ಈ ಮುದುಕರ ಮಾತಿಗೆ ಒಂದೇ ಕಡೆ ಕೂತರು. ಬಹುಶಃ ಸ್ವಂತ ಪಕ್ಷದ ಬಲ ಇಲ್ಲದ್ದಕ್ಕೇ ಅವರನ್ನ ಎಲ್ಲರೂ ನಂಬಿದ್ರು ಅಂತ ನನಗನಿಸುತ್ತೆ.

ನವೆಂಬರ್ 1. ನಮಗೆ ರಾಜ್ಯೋತ್ಸವ, ಆಫೀಸಿಗೆ ಹಳದಿ-ಕೆಂಪು ಶಾಲು ಹಾಕ್ಕೊಂಡು ಹೋಗ್ತೀವಿ. 1966ರ ಅದೇ ದಿನ ಈ ಊರಲ್ಲಿ ಗೋಲಿಬಾರ್ ಆಯ್ತು. ಇಡೀ ಚಳವಳಿಯಲ್ಲಿ ಸತ್ತವರು 32 ಜನ ಅಂತ ಇಲ್ಲಿಯವರ ಲೆಕ್ಕ. ಅಂಕಲ್ ಆಗ ಹೈಸ್ಕೂಲು. ಆ ದಿನದ ಬಗ್ಗೆ ಕೇಳಿದ್ರೆ ಈಗಲೂ ಧ್ವನಿ ತಗ್ಗಿಸ್ತಾರೆ.

1967ರಲ್ಲಿ ವಿಶ್ವನಾಥಂ ಪಕ್ಷೇತರರಾಗಿ ವಿಶಾಖಪಟ್ಟಣದಿಂದ ಲೋಕಸಭೆಗೆ ಗೆದ್ದರು. 1970ರ ಏಪ್ರಿಲ್‌ನಲ್ಲಿ ಇಂದಿರಾ ಗಾಂಧಿ ಸಂಸತ್ತಿನಲ್ಲಿ ಕಾರ್ಖಾನೆ ಘೋಷಿಸಿದರು, 1971ರ ಜನವರಿಯಲ್ಲಿ ಕಲ್ಲು ಹಾಕಿದರು. ಮುಂದಿನ ಚುನಾವಣೆಯಲ್ಲಿ ಆ ಸೀಟು ಕಾಂಗ್ರೆಸ್ಸಿಗೆ ಹೋಯ್ತು!

ನನ್ನ ಪ್ರಾಜೆಕ್ಟು ಡೆನ್ಮಾರ್ಕಿನದು, ಹಾಗಾಗಿ ಅವರ ಚರಿತ್ರೆ ಸ್ವಲ್ಪ ಓದಿದೀನಿ. ಅಲ್ಲಿ ಯೆನ್ಸ್ ಒಟ್ಟೊ ಕ್ರಾಗ್ ಅಂತ ಸೋಷಿಯಲ್ ಡೆಮಾಕ್ರಟ್ ಪ್ರಧಾನಿ. 33ಕ್ಕೇ ಮಂತ್ರಿ. 1972ರ ಅಕ್ಟೋಬರ್ 2ರಂದು ಯುರೋಪಿನ ಒಕ್ಕೂಟ ಸೇರೋ ಜನಮತ ಗೆದ್ದು, ಮಾರನೇ ದಿನವೇ ರಾಜೀನಾಮೆ. ಜಾಗ ಕೊಟ್ಟಿದ್ದು ಗೋದಾಮಿನಲ್ಲಿ ದುಡಿದು ಕಾರ್ಮಿಕ ಸಂಘದಿಂದ ಬಂದ ಆಂಕರ್ ಯೋರ್ಗೆನ್‌ಸನ್‌ಗೆ. ಕ್ರಾಗ್ ಹಿಂದೆ ಒಂದು ಪಕ್ಷ ಇತ್ತು, ಅವರು ಎದ್ದು ಹೋದ್ರೂ ಕೆಲಸ ಹಿಡಿದುಕೊಳ್ಳೋಕೆ ಜನ ಇದ್ದರು. ವಿಶ್ವನಾಥಂಗೆ ಅದಿರಲಿಲ್ಲ. 1979ರಲ್ಲಿ ತೀರಿಕೊಂಡರು, ಕಾರ್ಖಾನೆ ರಾಷ್ಟ್ರಕ್ಕೆ ಅರ್ಪಣೆಯಾಗಿದ್ದು 1992ರಲ್ಲಿ. ನೋಡಲೇ ಇಲ್ಲ.

ಒಂದು ಮಾತು ನುಂಗಿಬಿಟ್ರೆ ತಪ್ಪಾಗುತ್ತೆ. ಆ ಕಾರ್ಖಾನೆಗೆ ಸಾವಿರಾರು ಕುಟುಂಬ ಹೊಲ ಬಿಟ್ಟವು. ಕೆಲಸದ ಆಸೆಗೆ ಕೊಟ್ಟ ಆರ್-ಕಾರ್ಡ್ ಇಟ್ಕೊಂಡು ವರ್ಷಗಟ್ಟಲೆ ಕಾದವರಿದ್ದಾರೆ. 2021ರ ಜನವರಿಯಲ್ಲಿ ಕೇಂದ್ರ ಸರ್ಕಾರ ಪೂರ್ತಿ ಮಾರೋ ನಿರ್ಧಾರ ತಗೊಂಡಾಗ ಹಳೇ ಘೋಷಣೆ ಮತ್ತೆ ಬೀದಿಗೆ ಬಂತು. 2025ರಲ್ಲಿ 11,440 ಕೋಟಿ ರೂಪಾಯಿ ಪ್ಯಾಕೇಜ್ ಸಿಕ್ತು. ಅಂಕಲ್‌ಗೆ ಅದರಿಂದೇನೂ ಸಮಾಧಾನ ಆಗಿಲ್ಲ, ದಿನಾ ಪೇಪರ್‌ನಲ್ಲಿ ಮೊದಲು ಪ್ಲಾಂಟಿನ ಸುದ್ದಿನೇ ಹುಡುಕ್ತಾರೆ.

ಇದೆಲ್ಲ ನಮಗ್ಯಾಕೆ ಅಂತೀರಾ? ನಾನು ಹೊಸಪೇಟೆಯವನು. 1970ರಲ್ಲಿ ಅದೇ ಭಾಷಣದಲ್ಲಿ ಇಂದಿರಾ ಮೂರು ಊರು ಹೇಳಿದ್ರು: ವಿಶಾಖಪಟ್ಟಣ, ಸೇಲಂ, ನಮ್ಮ ಹೊಸಪೇಟೆ. ತೋರಣಗಲ್ಲಿನಲ್ಲೂ 1971ರಲ್ಲೇ ಕಲ್ಲು ಬಿತ್ತು. ಆಮೇಲೆ ಇಪ್ಪತ್ತು ವರ್ಷ ಸರ್ಕಾರಿ ಕಾರ್ಖಾನೆ ಏಳಲೇ ಇಲ್ಲ, ಕೊನೆಗೆ 90ರ ದಶಕದಲ್ಲಿ ಖಾಸಗಿಯವರು ಬಂದು ಕಟ್ಟಿದ್ರು. ಮೊನ್ನೆ ಅಪ್ಪಂಗೆ ಫೋನಲ್ಲಿ ಈ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಲ್ಲು ಹಾಕಿದ್ ದಿನ ನಮ್ಮಪ್ಪ ಎತ್ತಿನ ಬಂಡಿ ಕಟ್ಟಿಕೊಂಡು ಹೋಗಿದ್ನಪಾ, ನಂಗೆ ಅಲ್ಲೇ ಕೆಲಸ ಅಂತ" ಅಂದ್ರು. ಆಮೇಲೆ ಊಟ ಆಯ್ತಾ ಅಂತ ಕೇಳಿದ್ರು.