ತಾಯಿಯೆಂಬುದಕ್ಕೆ ಪುರಾವೆ



ಕನ್ನಡನಾಡಿನಿಂದ ವಂಗನಾಡಿಗೆ ಬರಲು ನಾವು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಇಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಮಕ್ಕಳು ನಮ್ಮನ್ನು ಶಾಶ್ವತವಾಗಿ ಕರೆಸಿಕೊಳ್ಳಬೇಕಾದರೆ, ತಾಯಿ ತಾಯಿಯೆಂಬುದಕ್ಕೂ ಕಾಗದ ಬೇಕು. ಅರ್ಜಿ ಹಾಕುವವರು ಅಲ್ಲಿಯ ಪೌರರಾಗಿದ್ದು, ಅವರಿಗೆ 21 ವರ್ಷ ತುಂಬಿರಬೇಕು; ಗ್ರೀನ್ ಕಾರ್ಡ್ ಸಾಲದು. ತಾಯಿಗಾಗಿ, ಆಕೆಯ ಹೆಸರಿರುವ ಮಗುವಿನ ಜನನಪತ್ರ ಬೇಕು. ತಂದೆಗಾಗಿ, ಅದರೊಡನೆ ತಂದೆತಾಯಿಗಳ ವಿವಾಹಪತ್ರವೂ ಬೇಕು.

ತೊಡಕಿರುವುದು ಹೆಸರಿನಲ್ಲಿ. ಬಂಗಾಳಿಯಲ್ಲಿ ‘ವ’ಕಾರ ‘ಬ’ಕಾರವಾಗುತ್ತದೆ. ಊರಿನ ಶಾಲೆಯ ವಸಂತಮ್ಮ ಇಲ್ಲಿ ಮಗನ ಜನನಪತ್ರದಲ್ಲಿ ಬಸಂತಾ ಆದರೆ, ಇಬ್ಬರೂ ಒಬ್ಬಳೇ ಎಂದು ಸಾಧಿಸಬೇಕಾಗುತ್ತದೆ. ಇನ್ನು 1969ರ ಜನನ-ಮರಣ ನೋಂದಣಿ ಕಾಯಿದೆಗೆ ಮುಂಚೆ ಹಳ್ಳಿಗಳಲ್ಲಿ ಹುಟ್ಟಿದ ಅನೇಕರಿಗೆ ಜನನಪತ್ರವೇ ಇಲ್ಲ. ಅಂಥವರು ನೋಂದಣಿ ಕಚೇರಿಯಿಂದ ದಾಖಲೆ ಲಭ್ಯವಿಲ್ಲವೆಂಬ ಪತ್ರ ಪಡೆದು, ಶಾಲಾ ದಾಖಲೆಯನ್ನೂ ಹುಟ್ಟನ್ನು ಬಲ್ಲ ಹಿರಿಯರ ಅಫಿಡವಿಟ್ಟನ್ನೂ ಕೂಡಿಸಬೇಕು.

ನಾನು ಅರಿಕೆ ಮಾಡುವುದಿಷ್ಟೆ: ಹೋಗುವುದೂ ಬಿಡುವುದೂ ಅವರವರ ಇಚ್ಛೆ. ಆದರೆ ಕಚೇರಿಗಳು ನಾಳೆಯೂ ತೆರೆದಿರುತ್ತವೆ. ನಮ್ಮ ಹುಟ್ಟಿಗೆ ಸಾಕ್ಷಿಯಾದ ಸೋದರತ್ತೆ, ದೊಡ್ಡಮ್ಮಂದಿರು ಇರುವುದಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಈ ಕೆಲಸ ಮುಗಿಸಿಯೇ ಬನ್ನಿ.