ಮಳೆನೀರಿನ ಜಾಡಿನಲ್ಲಿ ಊರ ನಡಿಗೆ

(ಹೊಳವನಹಳ್ಳಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕರ್ನಾಟಕದ ಅನೇಕ ಮನೆಗಳ ಹಿರಿಯರು ಅಮೆರಿಕದಲ್ಲಿ ನೆಲೆಸಿರುವ ಮಕ್ಕಳ ಬಳಿಗೆ ಹೋಗಿ ಕೆಲವು ತಿಂಗಳು ಇದ್ದು ಬರುತ್ತಾರೆ. ಮಕ್ಕಳು ಕೆಲಸಕ್ಕೆ, ಮೊಮ್ಮಕ್ಕಳು ಶಾಲೆಗೆ ಹೊರಟ ಮೇಲೆ ಅವರ ಪಾಲಿಗೆ ಉಳಿಯುವುದು ನಡಿಗೆಯೊಂದೇ. ಆದರೆ ಆ ದೇಶದ ಬಹುಪಾಲು ಉಪನಗರಗಳು ಎರಡನೆಯ ಮಹಾಯುದ್ಧದ ನಂತರ ಕಾರನ್ನು ನಂಬಿ ಬೆಳೆದಂಥವು. ಎಷ್ಟೋ ಬೀದಿಗಳಲ್ಲಿ ಕಾಲುದಾರಿಯೇ ಇಲ್ಲ. ಹೀಗಾಗಿ ಊರನ್ನು ಕಾರಿನ ಕಿಟಕಿಯಿಂದ ನೋಡಿ ಮರಳುವವರೇ ಹೆಚ್ಚು. ಕಿಟಕಿಗೆ ಕಾಣುವುದು ಅಗಲವಾದ ರಸ್ತೆ, ಕತ್ತರಿಸಿದ ಹುಲ್ಲು. "ಊರೆಂದರೆ ಹಾಗಿರಬೇಕು" ಎಂದು ಬಂದವರು ಹೇಳುವಾಗ ಅವರ ಮನಸ್ಸಿನಲ್ಲಿರುವುದೂ ಅಷ್ಟೇ.

ನಡೆದೇ ನೋಡಬೇಕಾದ ಊರುಗಳೂ ಅಲ್ಲಿವೆ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ನಗರದ ಪಶ್ಚಿಮಕ್ಕೆ, ಇಪ್ಪತ್ತು ಕಿ.ಮೀ. ಆಸುಪಾಸಿನಲ್ಲಿ ಡೇವಿಸ್ ಎಂಬ ಊರಿದೆ. ಕೃಷಿ ಸಂಶೋಧನೆಗೆ ಹೆಸರಾದ ವಿಶ್ವವಿದ್ಯಾಲಯ ಇರುವುದು ಇಲ್ಲಿಯೇ. 1967ರಷ್ಟು ಹಿಂದೆಯೇ ಸೈಕಲ್ ಸವಾರರಿಗೆ ರಸ್ತೆಯಲ್ಲಿ ಪ್ರತ್ಯೇಕ ಪಟ್ಟಿ ಬಿಟ್ಟುಕೊಟ್ಟ ಊರಿದು. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 450ರಿಂದ 500 ಮಿ.ಮೀ.; ಕೊರಟಗೆರೆಯ ಮಳೆಗಿಂತ ಕಡಿಮೆ. ಅದೂ ಚಳಿಗಾಲದಲ್ಲಷ್ಟೇ, ಬೇಸಿಗೆ ಪೂರ್ತಿ ಒಣ.

ಈ ಊರಿನ ಪಶ್ಚಿಮ ಭಾಗದಲ್ಲಿ 1975ರಲ್ಲಿ ಮೈಕೇಲ್ ಮತ್ತು ಜೂಡಿ ಕಾರ್ಬೆಟ್ ದಂಪತಿ 'ವಿಲೇಜ್ ಹೋಮ್ಸ್' ಎಂಬ ಬಡಾವಣೆಯನ್ನು ಕಟ್ಟಲು ತೊಡಗಿದರು. ಸುಮಾರು 60 ಎಕರೆ, ಇನ್ನೂರಕ್ಕೆ ಮೇಲ್ಪಟ್ಟು ಮನೆಗಳು. ಕಾರಿನಲ್ಲಿ ಹೋದವರಿಗೆ ಇಲ್ಲಿ ಕಾಣುವುದು ಕಿರಿದಾದ, ಮುಂದೆ ದಾರಿಯಿಲ್ಲದ ಬೀದಿಗಳು ಮಾತ್ರ. ನಡೆಯುವವರಿಗೆ ಬೇರೆಯೇ ಊರು ತೆರೆದುಕೊಳ್ಳುತ್ತದೆ. ಮನೆಗಳ ನಡುವೆ ಕಾಲುದಾರಿ. ಅದರ ಪಕ್ಕದಲ್ಲಿ ಹುಲ್ಲು ಬೆಳೆದ ಆಳವಿಲ್ಲದ ಹಳ್ಳ. ಹಳ್ಳಕ್ಕೆ ಅಲ್ಲಲ್ಲಿ ಪುಟ್ಟ ಒಡ್ಡು. ಸೂರಿನ ನೀರು, ಅಂಗಳದ ನೀರು ಇವುಗಳಲ್ಲಿ ನಿಧಾನವಾಗಿ ಹರಿದು ನೆಲಕ್ಕೆ ಇಂಗುತ್ತದೆ. ಆಸುಪಾಸಿನಲ್ಲಿ ಬಾದಾಮಿ, ಅಂಜೂರ, ದ್ರಾಕ್ಷಿ ಮುಂತಾದವುಗಳ ಸಾಮೂಹಿಕ ತೋಟ.

ಮಳೆನೀರನ್ನು ನೆಲದಡಿಯ ಕೊಳವೆಗೆ ಹಾಕದೆ ಮೇಲೆಯೇ ಬಿಡುವ ಈ ಯೋಜನೆಯನ್ನು ಅಧಿಕಾರಿಗಳು ಮೊದಲು ಸುಲಭವಾಗಿ ಒಪ್ಪಲಿಲ್ಲ. ಕಟ್ಟಿದ ಮೇಲೆ ಬಂದ ದೊಡ್ಡ ಮಳೆಗಳನ್ನು ಆ ಹಳ್ಳಗಳು ತಡೆದುಕೊಂಡವು. ಕೊಳವೆಯಲ್ಲಿ ಉಳಿದ ಹಣ ಗಿಡಮರಗಳಿಗೆ ಒದಗಿತು. ಹಾಗೆಂದು ಡೇವಿಸ್ ನೀರಿನ ಕಷ್ಟವನ್ನೆಲ್ಲ ಗೆದ್ದಿತೆಂದಲ್ಲ. ಬಹುಕಾಲ ಅಂತರ್ಜಲವನ್ನೇ ನಂಬಿದ್ದ ಆ ಊರು 2016ರಿಂದ ನದಿಯ ನೀರನ್ನು ತರುತ್ತಿದೆ. ಕಲಿಯಬೇಕಾದುದು ಇಷ್ಟು: ಬಿದ್ದ ನೀರನ್ನು ಓಡಿಸಬಾರದು, ನಡೆಸಬೇಕು.

ಈ ಮಾತು ಜಯಮಂಗಲಿಯ ಸೀಮೆಗೆ ಹೊಸದಲ್ಲ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳಲ್ಲಿ ಹರಿಯುವ ಈ ನದಿಯ ಬಯಲಿನಲ್ಲಿ ತಲಪರಿಗೆಗಳಿದ್ದವು. ಪಾವಗಡ, ಶಿರಾ ಕಡೆಯೂ ಇದ್ದವು. ಮರಳಿನಲ್ಲಿ ಇಂಗಿದ ನೀರು ಜಿನುಗುವ ಕಡೆ ಗುಂಡಿ ತೋಡಿ, ಅಲ್ಲಿಂದ ಕಾಲುವೆ ತೆಗೆದರೆ ಯಾವ ಯಂತ್ರವೂ ಇಲ್ಲದೆ ನೀರು ಗದ್ದೆಗೆ ಹೋಗುತ್ತಿತ್ತು. ಹೂಳೆತ್ತಲು ರೈತರೆಲ್ಲ ಸೇರುತ್ತಿದ್ದರು. ನೀರನ್ನು ಸರದಿಯಂತೆ ಹಂಚಿಕೊಳ್ಳುತ್ತಿದ್ದರು.

ತಲಪರಿಗೆಯ ಜೀವ ಮರಳಿನಲ್ಲಿದೆ. ಮರಳಿನ ಒಟ್ಟು ಗಾತ್ರದಲ್ಲಿ ಮೂರರಲ್ಲೊಂದು ಪಾಲಿನಷ್ಟು ಕಣಗಳ ನಡುವಿನ ಸಂದು; ನೀರು ನಿಲ್ಲುವುದು ಅಲ್ಲಿಯೇ. ಮೂರು ಲಾರಿ ಮರಳು ಹೋದರೆ ಒಂದು ಲಾರಿ ನೀರಿನ ಮನೆ ಹೋದಂತೆ. ಒಂದು ಕಡೆ ಮರಳು ಬರಿದಾಯಿತು, ಇನ್ನೊಂದು ಕಡೆ ಕೊಳವೆಬಾವಿಗಳು ಆಳಕ್ಕಿಳಿದವು. ತಲಪರಿಗೆಗಳು ಒಂದೊಂದಾಗಿ ಬತ್ತಿದವು. ಅವು ಎಲ್ಲೆಲ್ಲಿದ್ದವೆಂದು ಬಲ್ಲ ಹಿರಿಯರೂ ಕಡಿಮೆಯಾಗುತ್ತಿದ್ದಾರೆ. ಅವರೊಂದಿಗೆ ಆ ತಿಳಿವಳಿಕೆಯೂ ಹೋಗುತ್ತದೆ.

ಆದುದರಿಂದ ತಮ್ಮಲ್ಲಿ ಒಂದು ವಿನಂತಿ. ವಿದೇಶಕ್ಕೆ ಹೋಗುವ ಹಿರಿಯರು ಅಲ್ಲಿ ಅವಕಾಶವಿದ್ದಲ್ಲಿ ನಡೆಯಲಿ. ರಸ್ತೆಯ ಅಗಲಕ್ಕೆ ಬೆರಗಾಗುವ ಮೊದಲು ಮಳೆನೀರು ಎಲ್ಲಿಗೆ ಹೋಗುತ್ತದೆಂದು ಗಮನಿಸಲಿ. ಹೊಳವನಹಳ್ಳಿಯಲ್ಲಿಯೂ ಅದೇ ನಡಿಗೆ ನಡೆಯಲಿ. ಮುಂದಿನ ಹದಮಳೆಯ ದಿನ ಊರಿನ ನಾಲ್ಕು ಹಿರಿಯರು, ಹತ್ತು ಶಾಲಾಮಕ್ಕಳು ಕೊಡೆ ಹಿಡಿದು ಹೊರಡಲಿ. ಸೂರಿನಿಂದ ಬೀದಿಗೆ, ಬೀದಿಯಿಂದ ಚರಂಡಿಗೆ, ಅಲ್ಲಿಂದ ಕೆರೆಗೋ ಹಳ್ಳಕ್ಕೋ ನೀರು ಹೋಗುವ ಜಾಡನ್ನು ಹಿಡಿಯಲಿ. ಎಲ್ಲಿ ನಿಂತಿತು, ಎಲ್ಲಿ ಕೊಳಕಾಯಿತು, ಯಾವ ತೂಬು ಮುಚ್ಚಿದೆ, ತಲಪರಿಗೆ ಎಲ್ಲಿತ್ತು ಎಂಬುದನ್ನು ನಕ್ಷೆಯಲ್ಲಿ ಗುರುತಿಸಲಿ. ಹೊಸ ಕಾಂಕ್ರೀಟ್ ಚರಂಡಿಗೆ ಅನುಮೋದನೆ ನೀಡುವ ಮೊದಲು ಗ್ರಾಮಸಭೆ ಆ ನಕ್ಷೆಯನ್ನು ನೋಡಲಿ. ಇದಕ್ಕೆ ಬೇಕಾದುದು ಒಂದು ಹಗಲು, ಒಂದು ಹಾಳೆ ಕಾಗದ ಮತ್ತು ಕಾಲುಗಳು.