ಕೆಳಗೆ ಬಾಡಿಗೆ, ಮೇಲೆ ನಾವು

ಬೆಂಗಳೂರಿನ ಸಂಬಳದಾರರಿಗೆ ಒಂದು ಹಳೇ ಕನಸಿದೆ. 20-30 ಸೈಟಿನಲ್ಲಿ ಎರಡು ಅಂತಸ್ತಿನ ಮನೆ. ಮೇಲೆ ನಾವು, ಕೆಳಗೆ ಬಾಡಿಗೆದಾರರು. ಬಾಡಿಗೆಯಲ್ಲೇ ಬ್ಯಾಂಕಿನ ಕಂತು ತೀರಿಹೋಗಬೇಕು. ರಾಜಾಜಿನಗರ, ವಿಜಯನಗರದ ಎಷ್ಟೋ ಕುಟುಂಬಗಳು ಹೀಗೆ ನೆಲೆ ಕಂಡುಕೊಂಡಿವೆ. ಅಮೆರಿಕದಲ್ಲೂ ಇದೇ ಆಸೆ. ಅಲ್ಲಿ ಡ್ಯೂಪ್ಲೆಕ್ಸ್ ಅಂದ್ರೆ ಒಂದೇ ಕಟ್ಟಡದಲ್ಲಿ ಎರಡು ಬೇರೆ ಬೇರೆ ಮನೆ. ಅದರಲ್ಲಿ ತಾನೇ ವಾಸ ಮಾಡುವವನಿಗೆ ಸರ್ಕಾರಿ ವಿಮೆ ಇರೋ ಸಾಲದಲ್ಲಿ ಶೇ. 3.5 ಕೈಯಿಂದ ಹಾಕಿದರೂ ಸಾಕು. ನಮ್ಮಲ್ಲಿ ಡ್ಯೂಪ್ಲೆಕ್ಸ್ ಅಂತ ಮಾರೋದು ಒಳಗಡೆಯೇ ಮೆಟ್ಟಿಲಿರೋ ಒಂದೇ ಮನೆ. ಬಾಡಿಗೆದಾರ ನಿಮ್ಮ ಹಾಲ್ ದಾಟಿಕೊಂಡು ಮೇಲೆ ಹೋಗ್ತಾನಾ? ಅರ್ಧ ಬಾಡಿಗೆಗೆ ಕೊಡೋ ಯೋಚನೆ ಇದ್ದವರು ಮೊದಲು ನೋಡಬೇಕಾದ್ದು ಮೆಟ್ಟಿಲು ಹೊರಗಿದೆಯಾ, ಕರೆಂಟ್ ಮೀಟರ್ ಎರಡಿದೆಯಾ ಅನ್ನೋದನ್ನ. ಮಾರ್ಬಲ್ ಆಮೇಲೆ.

ಈಗ ಲೆಕ್ಕಕ್ಕೆ ಬನ್ನಿ. ಉದಾಹರಣೆಗೆ ಮನೆ 75 ಲಕ್ಷ ಅಂತಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 30ರಿಂದ 75 ಲಕ್ಷದವರೆಗಿನ ಗೃಹಸಾಲ ಮನೆ ಬೆಲೆಯ ಶೇ. 80 ಮೀರುವಂತಿಲ್ಲ. ಅಂದ್ರೆ 60 ಲಕ್ಷ ಸಾಲ, 15 ಲಕ್ಷ ನಿಮ್ಮದು. ಅಷ್ಟೇನಾ? ಅಲ್ಲ. ಮುದ್ರಾಂಕ ಶುಲ್ಕ, ಸೆಸ್, ನೋಂದಣಿ ಅಂತ ಐದು ಲಕ್ಷದ ಮೇಲೆ ಹೋಗುತ್ತೆ. ಆ ಖರ್ಚನ್ನ ಬ್ಯಾಂಕು ಮನೆ ಬೆಲೆಗೆ ಸೇರಿಸೋದಿಲ್ಲ. ಕೈಯಲ್ಲಿ 20 ಲಕ್ಷ ಮೀರಿ ಇರಬೇಕು. ತಿಂಗಳಿಗೆ 25 ಸಾವಿರ ಆರ್‌ಡಿ ಕಟ್ಟಿದರೂ ಹೆಚ್ಚುಕಡಿಮೆ ಆರು ವರ್ಷ. ಅಷ್ಟರಲ್ಲಿ ಮನೆ ಬೆಲೆ ಸುಮ್ಮನೆ ಕೂತಿರುತ್ತಾ, ಅದು ಬೇರೆ ಮಾತು.

ಶೇ. 8.5 ಬಡ್ಡಿ, 20 ವರ್ಷ ಅಂದ್ರೆ ಕಂತು ಸುಮಾರು 52 ಸಾವಿರ. ಕೆಳಗಿನ ಮನೆಗೆ 18 ಸಾವಿರ ಬಾಡಿಗೆ ಬಂತು ಅನ್ನಿ. ಉಳಿದ 34 ಸಾವಿರ ನಿಮ್ಮ ಸಂಬಳದ್ದೇ. ಬಾಡಿಗೆದಾರ ಖಾಲಿ ಮಾಡಿದ ತಿಂಗಳು ಪೂರ್ತಿ 52 ನಿಮ್ಮದು, ಜೊತೆಗೆ ಅಡ್ವಾನ್ಸ್ ವಾಪಸ್ ಕೊಡಬೇಕು, ಸುಣ್ಣಬಣ್ಣ ಹೊಡೆಸಬೇಕು. ಬಾಡಿಗೆ ಅರ್ಧ ಕಂತನ್ನೂ ಮುಟ್ಟೋದಿಲ್ಲ. ಹೇಳೋದಕ್ಕೆ ಬೇಜಾರು, ಲೆಕ್ಕ ಮಾತ್ರ ಹೀಗೇ ಇದೆ.

ಆರು ವರ್ಷ ಕಾಯೋ ತಾಳ್ಮೆ ಇಲ್ಲದವರು ಹಿಡಿಯೋ ಅಡ್ಡದಾರಿ ಲೀಸ್. ನಮ್ಮ ಹಳೇ ಭೋಗ್ಯವೇ ಅದು. ಕೆಳಗಿನ ಮನೆಗೆ 12 ಲಕ್ಷವೋ 15 ಲಕ್ಷವೋ ಒಟ್ಟಿಗೆ ತಗೊಂಡು, ಅದನ್ನೇ ಮನೆಗೆ ಸುರಿಯೋದು. ಸ್ವಾಮಿ, ಅದು ಉಳಿತಾಯ ಅಲ್ಲ, ಸಾಲ. ಮೂರು ವರ್ಷ ಬಾಡಿಗೆ ಒಂದು ರೂಪಾಯಿ ಬರೋದಿಲ್ಲ, ಮೇಲೆ 52 ಸಾವಿರ ಪೂರ್ತಿ ಕಟ್ಟಬೇಕು, ಕೊನೆಗೆ ಅಷ್ಟೂ ದುಡ್ಡು ವಾಪಸ್. ಎಲ್ಲಿಂದ ತರ್ತೀರಿ? ಇನ್ನೊಬ್ಬ ಲೀಸ್‌ದಾರನಿಂದ. ಅವನು ಸಿಗದಿದ್ದರೆ?

ಇಲ್ಲಿ ನನಗೆ ಮಾಲೀಕರಿಗಿಂತ ಹೆಚ್ಚು ಚಿಂತೆ ಕೆಳಗಿರೋರದ್ದು. ಊರಿನ ಜಮೀನು ಮಾರಿದ ದುಡ್ಡನ್ನೋ, ನಿವೃತ್ತಿ ಹಣವನ್ನೋ ತಂದು ಲೀಸ್‌ಗೆ ಹಾಕಿರ್ತಾರೆ. ಮೇಲಿನವರು ಕಂತು ತಪ್ಪಿಸಿದರೆ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಮನೆಯನ್ನ ಹರಾಜಿಗಿಡಬಹುದು. ಆವಾಗ ಬಾಗಿಲಿಗೆ ಬರೋ ನೋಟಿಸ್ ಇಬ್ಬರಿಗೂ ಒಂದೇ. ಒಂದು ವರ್ಷ ಮೀರಿದ ಲೀಸ್ ನೋಂದಣಿ ಆಗಲೇಬೇಕು ಅಂತ 1908ರ ನೋಂದಣಿ ಕಾಯ್ದೆ ಹೇಳುತ್ತೆ. ನಮ್ಮ ಜನ ಮಾತ್ರ ಛಾಪಾ ಕಾಗದದ ಮೇಲೆ ನೋಟರಿ ಸೀಲು ಒತ್ತಿಸಿ, ಕೈ ಮುಗಿದು ಬಂದುಬಿಡ್ತಾರೆ.

ಹಾಗಾಗಿ ಲೀಸ್‌ಗೆ ಹೋಗುವವರು ಕೀ ಇಸ್ಕೊಳ್ಳೋ ಮೊದಲು ಋಣಭಾರ ಪತ್ರ ತೆಗೆಸಿ. ಮನೆ ಮೇಲೆ ಸಾಲ ಇದೆಯಾ, ಬ್ಯಾಂಕಿನ ಒಪ್ಪಿಗೆ ಇದೆಯಾ ಅಂತ ಮಾಲೀಕರನ್ನ ಬಾಯಿಬಿಟ್ಟು ಕೇಳಿ. ಮುಖ ಗಂಟು ಹಾಕಿದರೆ ಪಕ್ಕದ ಬೀದಿಯಲ್ಲೂ ಟು ಲೆಟ್ ಬೋರ್ಡುಗಳಿವೆ.